ಫ್ರೀಲಾನ್ಸರ್‌ಗಳೂ ಕಾಯಂ ಉದ್ಯೋಗಿಗಳೂ ಒಂದೇ ಟೀಮಿನಲ್ಲಿ: ಮಿಶ್ರ ತಂಡ ನಡೆಸುವ ಸಮಗ್ರ ಮಾರ್ಗದರ್ಶಿ

ಒಂದು ಶುಕ್ರವಾರ ಸಂಜೆ ನಮ್ಮ ವೆಬ್‌ಸೈಟ್ ಇದ್ದಕ್ಕಿದ್ದಂತೆ ಮಾಯವಾಯಿತು. ಸರ್ವರ್ ಚೆನ್ನಾಗಿಯೇ ಇತ್ತು. ಕೋಡ್ ಯಾರೂ ಮುಟ್ಟಿರಲಿಲ್ಲ. ಎರಡು ಗಂಟೆ ತಡಕಾಡಿದ ಮೇಲೆ ಗೊತ್ತಾಯಿತು, ಡೊಮೇನ್, ಅಂದರೆ ಸೈಟಿನ ವಿಳಾಸದ ಅವಧಿ ಮುಗಿದಿತ್ತು. ನವೀಕರಿಸಿ ಅಂತ ಮೇಲ್ ಬಂದಿತ್ತು, ಒಂದಲ್ಲ ನಾಲ್ಕು ಸಲ. ಆದರೆ ಬಂದದ್ದು ನಮಗಲ್ಲ. ಹದಿನಾಲ್ಕು ತಿಂಗಳ ಹಿಂದೆ ಕೆಲಸ ಮುಗಿಸಿ ಹೋಗಿದ್ದ ಫ್ರೀಲಾನ್ಸರ್ ಒಬ್ಬರ ಸ್ವಂತ ಇಮೇಲಿಗೆ. ಸೈಟ್ ಕಟ್ಟುವ ಅವಸರದಲ್ಲಿ ಖಾತೆಯನ್ನು ಅವರೇ ತೆರೆದಿದ್ದರು. ಫೋನ್ ಮಾಡಿದರೆ, ಪಾಪ, ಅರ್ಧ ಗಂಟೆಯಲ್ಲಿ ಲಾಗಿನ್ ಕೊಟ್ಟರು. "ಅಯ್ಯೋ, ಇದು ಇನ್ನೂ ನನ್ನ ಹೆಸರಲ್ಲೇ ಇದೆಯಾ?" ಅಂತ ಅವರಿಗೇ ಆಶ್ಚರ್ಯ.

ತಪ್ಪು ಅವರದ್ದಲ್ಲ, ನಮ್ಮದು. ಫ್ರೀಲಾನ್ಸರ್ ಒಂದು ದಿನ ಹೋಗುತ್ತಾರೆ, ಒಪ್ಪಂದವೇ ಹಾಗಿರುತ್ತದೆ. ಅವರ ಜತೆ ಏನೇನು ಹೊರಗೆ ಹೋಗಬಾರದು ಅಂತ ಯೋಚಿಸಬೇಕಾದವರು ನಾವು. ಕೆಲಸವನ್ನು ಹೊರಗೆ ಕೊಡಬಹುದು, ನೆನಪು ಮಾತ್ರ ಒಳಗೇ ಇರಬೇಕು. ಮಿಶ್ರ ತಂಡ ನಡೆಸುವುದರಲ್ಲಿ ನಾನು ಕಲಿತ ಬಹುಪಾಲು ಪಾಠ ಇಷ್ಟೇ. ನಾನು ಕೆಲವು ವರ್ಷ ಫ್ರೀಲಾನ್ಸರ್ ಆಗಿದ್ದು, ಆಮೇಲೆ ಟೀಮ್ ನಡೆಸಲು ಬಂದವನು. ಎರಡೂ ಕಡೆಯ ಕಿರಿಕಿರಿ ಗೊತ್ತು.

ಹೆಜ್ಜೆ 1: ಜನರನ್ನು ಹುಡುಕುವ ಮೊದಲು ಕೆಲಸವನ್ನು ಬಿಡಿಸಿ

ಸಾಮಾನ್ಯವಾಗಿ ಏನಾಗುತ್ತದೆ? ಕೆಲಸ ಜಾಸ್ತಿಯಾಯಿತು, ಹೊಸಬರನ್ನು ಕಾಯಂ ತೆಗೆದುಕೊಳ್ಳಲು ಅನುಮತಿ ಸಿಗಲಿಲ್ಲ, ಹಾಗಾಗಿ ಒಬ್ಬ ಫ್ರೀಲಾನ್ಸರ್ ಬಂದರು. ಯಾವ ಕೆಲಸ ಯಾರಿಗೆ ಅನ್ನುವುದು ಆಮೇಲೆ ಹೇಗೋ ತೀರ್ಮಾನವಾಗುತ್ತದೆ. ಇದು ಉಲ್ಟಾ ಆಗಬೇಕು.

ಒಂದು ಹಾಳೆ ತೆಗೆದುಕೊಳ್ಳಿ. ಮುಂದಿನ ಮೂರು ತಿಂಗಳ ಕೆಲಸಗಳನ್ನು ಬರೆಯಿರಿ. ಜನರ ಹೆಸರು ಬೇಡ, ಬರೀ ಕೆಲಸ. ಪ್ರತಿಯೊಂದರ ಮುಂದೆ ಮೂರು ಪ್ರಶ್ನೆ ಕೇಳಿಕೊಳ್ಳಿ.

- ಈ ಕೆಲಸ ಮುಗಿಯಿತು ಅಂತ ಹೇಗೆ ಗೊತ್ತಾಗುತ್ತದೆ? ಒಂದೆರಡು ವಾಕ್ಯದಲ್ಲಿ ಹೇಳಲು ಬಂದರೆ ಹೊರಗೆ ಕೊಡಬಹುದು.
- ಆರು ತಿಂಗಳು ಕಳೆದ ಮೇಲೆ "ಇದನ್ನ ಯಾಕೆ ಹೀಗೆ ಮಾಡಿದ್ರಿ?" ಅಂತ ಯಾರಾದರೂ ಕೇಳಿದರೆ ಉತ್ತರ ಕೊಡುವವರು ಯಾರು? ಅವರು ಒಳಗಿನವರೇ ಆಗಿರಬೇಕಾದ ಕೆಲಸವಾದರೆ ಹೊರಗೆ ಕೊಡಬೇಡಿ.
- ಈ ಕೆಲಸ ಮಾಡುವವರು ದಿನಕ್ಕೆ ಎಷ್ಟು ಸಲ ಬೇರೆಯವರನ್ನು ಕೇಳಬೇಕಾಗುತ್ತದೆ?

ಒಂದು ಆ್ಯಪ್ ಕಟ್ಟುವ ತಂಡವನ್ನೇ ನೋಡಿ. ಐಕಾನ್ ಚಿತ್ರಗಳು, ಬಳಕೆದಾರರ ಕೈಪಿಡಿಯ ಅನುವಾದ, ಒಂದು ಸಲದ ಭದ್ರತಾ ಪರೀಕ್ಷೆ: ಇವೆಲ್ಲ ಹೊರಗೆ ಕೊಡುವ ಕೆಲಸಗಳು. ಯಾವ ಫೀಚರ್ ಬೇಕು, ಯಾವುದು ಬೇಡ, ಗ್ರಾಹಕರ ದೂರಿಗೆ ಏನು ಉತ್ತರ, ಹೊಸ ಆವೃತ್ತಿ ಯಾವಾಗ ಬಿಡಬೇಕು: ಇವು ಒಳಗಿನವು.

ತಲೆನೋವು ಇರುವುದು ನಡುವಿನ ಕೆಲಸಗಳಲ್ಲಿ. ಸ್ಕ್ರೀನ್ ಮೇಲಿನ ಚಿಕ್ಕ ಚಿಕ್ಕ ಪದಗಳನ್ನು ಬರೆಯುವುದು ನೋಡಲು ಹೊರಗೆ ಕೊಡಬಹುದಾದ ಕೆಲಸ. ನಾವೂ ಕೊಟ್ಟೆವು. ಬಟನ್ ಮೇಲೆ "ಅಳಿಸಿ" ಇರಬೇಕಾ "ತೆಗೆಯಿರಿ" ಇರಬೇಕಾ, ಸಂದೇಶದಲ್ಲಿ "ನೀವು" ಬರಬೇಕಾ ಬೇಡವಾ, ದಿನಕ್ಕೆ ಹತ್ತು ಪ್ರಶ್ನೆ ಬಂತು. ಉತ್ತರ ಕೊಡುವ ಹೊತ್ತಿಗೆ ನಮ್ಮ ಹುಡುಗಿಯೊಬ್ಬಳ ಅರ್ಧ ದಿನ ಹೋಗುತ್ತಿತ್ತು. ಕೊನೆಗೆ ಕೆಲಸವನ್ನೇ ಎರಡು ಮಾಡಿದೆವು. ಪದಗಳ ನಿಯಮ ಬರೆಯುವುದು ಒಳಗೆ, ಆ ನಿಯಮದ ಪ್ರಕಾರ ರಾಶಿ ರಾಶಿ ಬರೆಯುವುದು ಹೊರಗೆ. ಪ್ರಶ್ನೆಗಳು ವಾರಕ್ಕೆ ಒಂದೆರಡಕ್ಕೆ ಇಳಿದವು.

ಇನ್ನೊಂದು ಎಚ್ಚರಿಕೆ. ಕೆಲಸ ಆಗಲೇ ತಡವಾಗಿದ್ದರೆ, ಜನ ಸೇರಿಸಿ ಸರಿಮಾಡೋಣ ಅಂತ ಹೊರಡಬೇಡಿ. ಐದು ಜನರ ನಡುವೆ ಮಾತುಕತೆಯ ಜೋಡಿಗಳು 10. ಮೂವರು ಫ್ರೀಲಾನ್ಸರ್ ಸೇರಿ ಎಂಟಾದರೆ ಜೋಡಿಗಳು 28. ಹೊಸಬರಿಗೆ ಕಲಿಸುವವರು ಯಾರು? ಆಗಲೇ ಒದ್ದಾಡುತ್ತಿರುವ ಆ ಐದು ಜನರೇ.

ಹೆಜ್ಜೆ 2: ಕಾನೂನಿನ ಗೆರೆ ಎಲ್ಲಿದೆ ಅಂತ ತಿಳಿದುಕೊಳ್ಳಿ

ಇದನ್ನು ಓದದೆ ಮುಂದೆ ಹೋಗಬೇಡಿ. ದುಬಾರಿ ತಪ್ಪುಗಳೆಲ್ಲ ಇಲ್ಲೇ ಆಗುವುದು.

ಮೈಕ್ರೋಸಾಫ್ಟ್ ಕಥೆ ಹೇಳುತ್ತೇನೆ. 1980ರ ದಶಕದ ಕೊನೆಯಲ್ಲಿ ಅಲ್ಲಿ ನೂರಾರು ಫ್ರೀಲಾನ್ಸರ್‌ಗಳಿದ್ದರು. ತಾವು ಸ್ವತಂತ್ರ ಗುತ್ತಿಗೆದಾರರು, ತಮ್ಮ ತೆರಿಗೆ ತಾವೇ ನೋಡಿಕೊಳ್ಳುತ್ತೇವೆ, ಉದ್ಯೋಗಿಗಳ ಸೌಲಭ್ಯ ತಮಗಿಲ್ಲ ಅಂತ ಸಹಿ ಹಾಕಿದ್ದರು. ಆದರೆ ದಿನದ ಕೆಲಸ ಹೇಗಿತ್ತು? ಕಾಯಂ ಉದ್ಯೋಗಿಗಳ ಜತೆ ಅದೇ ಟೀಮು, ಅದೇ ಮೇಲಧಿಕಾರಿ, ಅದೇ ಹೊತ್ತು. ಕೆಲವರು ವರ್ಷಗಟ್ಟಲೆ ಹೀಗೇ ಇದ್ದರು. ಅಮೆರಿಕದ ತೆರಿಗೆ ಇಲಾಖೆ ಬಂದು ನೋಡಿ, ಇವರು ಫ್ರೀಲಾನ್ಸರ್‌ಗಳಲ್ಲ, ಉದ್ಯೋಗಿಗಳೇ ಅಂದಿತು. 1992ರಲ್ಲಿ ಕೆಲವರು ಕೋರ್ಟಿಗೆ ಹೋದರು. ವಿಸ್ಕೈನೋ ಪ್ರಕರಣ ಅಂತ ಅದಕ್ಕೆ ಹೆಸರು. ಎಂಟು ವರ್ಷ ಎಳೆದಾಡಿ, 2000ದ ಡಿಸೆಂಬರಿನಲ್ಲಿ ಸುಮಾರು 9.7 ಕೋಟಿ ಡಾಲರ್ ಕೊಟ್ಟು ಕಂಪನಿ ರಾಜಿ ಮಾಡಿಕೊಂಡಿತು. ಸಹಿ ಹಾಕಿದ ಕಾಗದ ಕಂಪನಿಯನ್ನು ಕಾಪಾಡಲಿಲ್ಲ.

ಬಹಳಷ್ಟು ದೇಶಗಳಲ್ಲಿ ಕಾನೂನು ನೋಡುವುದು ಹೀಗೇ. ಕಾಗದದ ಮೇಲೆ ಏನಿದೆ ಅನ್ನುವುದಕ್ಕಿಂತ ದಿನವೂ ಏನು ನಡೆಯುತ್ತದೆ ಅನ್ನುವುದೇ ಮುಖ್ಯ. ಕೆಲಸ ಯಾವಾಗ, ಎಲ್ಲಿ, ಹೇಗೆ ಮಾಡಬೇಕು ಅಂತ ಹೇಳುವವರು ಯಾರು? ಅವರು ಬೇರೆ ಗಿರಾಕಿಗಳಿಗೂ ಕೆಲಸ ಮಾಡಬಹುದಾ? ಉಪಕರಣ ಯಾರದ್ದು? ಲಾಭ ನಷ್ಟದ ರಿಸ್ಕ್ ಯಾರಿಗೆ?

ಕ್ಯಾಲಿಫೋರ್ನಿಯಾದಲ್ಲಿ 2018ರಲ್ಲಿ ಡೈನಮೆಕ್ಸ್ ಎಂಬ ಕಂಪನಿಯ ಪ್ರಕರಣದ ತೀರ್ಪಿನಿಂದ, ಕೆಲಸ ಮಾಡುವವರು ಉದ್ಯೋಗಿಯೋ ಅಲ್ಲವೋ ಅಂತ ನೋಡುವ ಎಬಿಸಿ ಪರೀಕ್ಷೆ ಬಂತು. 2020ರ ಜನವರಿಯಿಂದ ಅದು ಕಾನೂನೇ ಆಯಿತು. ಅಲ್ಲಿ ಲೆಕ್ಕ ತಿರುಗಿಸಿ ಹಾಕಿದ್ದಾರೆ. ಕೆಲಸ ಮಾಡುವವರು ಉದ್ಯೋಗಿ ಅಂತಲೇ ಮೊದಲು ಎಣಿಸುತ್ತಾರೆ. ಅಲ್ಲ ಅನ್ನುವುದಾದರೆ ಕಂಪನಿ ಮೂರು ವಿಷಯ ಸಾಬೀತು ಮಾಡಬೇಕು: ಕೆಲಸದ ಮೇಲೆ ತನ್ನ ಹಿಡಿತ ಇಲ್ಲ, ಆ ಕೆಲಸ ಕಂಪನಿಯ ಮಾಮೂಲಿ ವ್ಯವಹಾರದ್ದಲ್ಲ, ಆ ವ್ಯಕ್ತಿಗೆ ಇದೇ ಸ್ವಂತ ವೃತ್ತಿ. ಮೂರರಲ್ಲಿ ಒಂದು ತಪ್ಪಿದರೂ ಉದ್ಯೋಗಿಯೇ. ಈ ಕಾನೂನು ಫ್ರೀಲಾನ್ಸರ್‌ಗಳಿಗೂ ಬಿಸಿ ಮುಟ್ಟಿಸಿತು ಅನ್ನುವುದು ಬೇರೆ ಮಾತು. ಬರಹಗಾರರು ಒಂದೇ ಪತ್ರಿಕೆಗೆ ವರ್ಷಕ್ಕೆ 35ಕ್ಕಿಂತ ಹೆಚ್ಚು ಸಲ ಬರೆದರೆ ಈ ಪರೀಕ್ಷೆಯಿಂದ ವಿನಾಯಿತಿ ಇಲ್ಲ ಅಂತ ಇತ್ತು. ಗಲಾಟೆಯಾಗಿ 2020ರಲ್ಲೇ ಅದನ್ನು ತೆಗೆದರು.

ಬ್ರಿಟನ್ನಿನಲ್ಲಿ ಉದ್ಯೋಗಿ ಮತ್ತು ಸ್ವಯಂ ಉದ್ಯೋಗಿಯ ನಡುವೆ ವರ್ಕರ್ ಅನ್ನುವ ಮೂರನೇ ದರ್ಜೆಯೂ ಇದೆ. 2021ರ ಫೆಬ್ರವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಊಬರ್ ಚಾಲಕರನ್ನು ಆ ದರ್ಜೆಯಲ್ಲೇ ಇಟ್ಟಿತು. ಅದೇ ವರ್ಷ ಏಪ್ರಿಲಿನಿಂದ ಐಆರ್35 ಎಂಬ ತೆರಿಗೆ ನಿಯಮವೂ ಬಿಗಿಯಾಯಿತು. ಸ್ವಂತ ಕಂಪನಿಯ ಹೆಸರಿನಲ್ಲಿ ಕೆಲಸ ಮಾಡುವ ಗುತ್ತಿಗೆದಾರರು ನಿಜಕ್ಕೂ ಸ್ವತಂತ್ರರೇ ಅಂತ ತೀರ್ಮಾನಿಸುವ ಜವಾಬ್ದಾರಿ ಮಧ್ಯಮ ಮತ್ತು ದೊಡ್ಡ ಖಾಸಗಿ ಕಂಪನಿಗಳ ಮೇಲೆ ಬಿತ್ತು.

ನಿಮ್ಮ ದೇಶದ ನಿಯಮ ಬೇರೆ ಇರಬಹುದು. ಕಾರ್ಮಿಕ ಕಾನೂನು ಗೊತ್ತಿರುವವರನ್ನು ಒಮ್ಮೆ ಕೇಳಿ. ಫ್ರೀಲಾನ್ಸರ್ ಬೇರೆ ದೇಶದಲ್ಲಿದ್ದರೆ ಅಲ್ಲಿನ ನಿಯಮವನ್ನೂ ಕೇಳಿ. ಅಷ್ಟರವರೆಗೆ ಫ್ರೀಲಾನ್ಸರ್ ವಿಷಯದಲ್ಲಿ ಇವನ್ನು ಮಾಡಬೇಡಿ:

- ಬೆಳಗ್ಗೆ ಇಷ್ಟು ಗಂಟೆಗೆ ಹಾಜರಿ ಹಾಕಿ ಅನ್ನುವುದು
- ರಜೆಗೆ ಅರ್ಜಿ ಕೇಳುವುದು (ನಾನು ಇಂಥ ದಿನ ಸಿಗುವುದಿಲ್ಲ ಅಂತ ಅವರು ತಿಳಿಸಿದರೆ ಸಾಕು)
- ಬೇರೆಯವರ ಕೆಲಸ ಹಿಡಿಯಬೇಡಿ ಅನ್ನುವುದು
- ಉದ್ಯೋಗಿಗಳ ವಾರ್ಷಿಕ ಮೌಲ್ಯಮಾಪನದ ಫಾರಂ ಅವರಿಗೂ ಕೊಡುವುದು
- ಅಂತ್ಯವೇ ಇಲ್ಲದೆ ತಿಂಗಳು ತಿಂಗಳೂ ಒಂದೇ ಮೊತ್ತ ಕೊಡುತ್ತಾ ಹೋಗುವುದು

ಕೊನೆಯದು ಗೊತ್ತಾಗದ ಹಾಗೆ ಆಗಿಬಿಡುತ್ತದೆ. "ಅವರು ನಮ್ಮವರೇ ಆಗಿಬಿಟ್ಟಿದ್ದಾರೆ" ಅಂತ ಟೀಮಿನಲ್ಲಿ ಯಾರಾದರೂ ಪ್ರೀತಿಯಿಂದ ಹೇಳಿದ ದಿನ ಒಪ್ಪಂದ ತೆಗೆದು ನೋಡಿ.

ಹೆಜ್ಜೆ 3: ಒಪ್ಪಂದ ಬರೆಯಿರಿ, ಚಿಕ್ಕದಾದರೂ ಸರಿ

ಎರಡು ಪುಟ ಸಾಕು. ಇಪ್ಪತ್ತು ಪುಟ ಯಾರೂ ಓದುವುದಿಲ್ಲ.

ಅದರಲ್ಲಿ ಮೊದಲು ಬರಬೇಕಾದದ್ದು ಹಕ್ಕು ಯಾರದ್ದು ಅನ್ನುವುದು. ಉದ್ಯೋಗಿ ತನ್ನ ಕೆಲಸದ ಭಾಗವಾಗಿ ಮಾಡಿದ್ದು ಸಾಮಾನ್ಯವಾಗಿ ಕಂಪನಿಯದ್ದು. ಫ್ರೀಲಾನ್ಸರ್ ಮಾಡಿದ್ದಕ್ಕೆ ನೀವು ದುಡ್ಡು ಕೊಟ್ಟಿದ್ದೀರಿ ಅಂದ ಮಾತ್ರಕ್ಕೆ ಅದು ನಿಮ್ಮದಾಗಲೇಬೇಕು ಅಂತ ಇಲ್ಲ. ಅಮೆರಿಕದಲ್ಲಿ ಇದೇ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ವಾಷಿಂಗ್ಟನ್ನಿನ ಒಂದು ಸೇವಾ ಸಂಸ್ಥೆ 1985ರಲ್ಲಿ ಜೇಮ್ಸ್ ಅರ್ಲ್ ರೀಡ್ ಎಂಬ ಶಿಲ್ಪಿಯಿಂದ ಮನೆಯಿಲ್ಲದವರ ಬದುಕು ತೋರಿಸುವ ಶಿಲ್ಪ ಮಾಡಿಸಿತು. ಶಿಲ್ಪ ಹೇಗಿರಬೇಕು ಅನ್ನುವ ಕಲ್ಪನೆ ಸಂಸ್ಥೆಯದ್ದು, ದುಡ್ಡೂ ಅವರದ್ದು. ಕೃತಿಸ್ವಾಮ್ಯದ ಮಾತು ಯಾರೂ ಎತ್ತಲಿಲ್ಲ, ಕಾಗದವೂ ಇರಲಿಲ್ಲ. ಆಮೇಲೆ ಜಗಳವಾಯಿತು. 1989ರಲ್ಲಿ ಕೋರ್ಟು ಒಮ್ಮತದಿಂದ ಹೇಳಿತು: ರೀಡ್ ಉದ್ಯೋಗಿಯಲ್ಲ, ಸ್ವತಂತ್ರ ಗುತ್ತಿಗೆದಾರ, ಆದ್ದರಿಂದ ಉದ್ಯೋಗಿಯ ಕೃತಿಗೆ ಅನ್ವಯಿಸುವ ನಿಯಮ ಇಲ್ಲಿ ನಡೆಯುವುದಿಲ್ಲ. ಒಂದೇ ಒಂದು ವಾಕ್ಯದ ಬರಹ ಮೊದಲೇ ಇದ್ದಿದ್ದರೆ ಈ ಗೋಜು ಬೇಕಿರಲಿಲ್ಲ, ಅಲ್ವಾ?

ನಾವು ಬರೆಯುವುದು ಹೀಗೆ: "ಪೂರ್ತಿ ಹಣ ಪಾವತಿಯಾದ ದಿನ ಈ ಕೆಲಸದ ಎಲ್ಲ ಹಕ್ಕುಗಳೂ ಸಂಸ್ಥೆಗೆ ವರ್ಗವಾಗುತ್ತವೆ. ಫ್ರೀಲಾನ್ಸರ್ ಮೊದಲೇ ಮಾಡಿಟ್ಟುಕೊಂಡಿದ್ದ ಸಾಮಗ್ರಿ ಅವರದ್ದೇ, ಈ ಕೆಲಸದಲ್ಲಿ ಅದನ್ನು ಬಳಸಲು ಸಂಸ್ಥೆಗೆ ಅನುಮತಿ ಇರುತ್ತದೆ." ಪಾವತಿಯಾದ ದಿನ ಅಂತ ಹಾಕುವುದಕ್ಕೆ ಕಾರಣವಿದೆ. ಅದರಿಂದ ಫ್ರೀಲಾನ್ಸರ್‌ಗೂ ಒಂದು ಹಿಡಿತ ಸಿಗುತ್ತದೆ, ನಮ್ಮ ಲೆಕ್ಕಪತ್ರ ವಿಭಾಗಕ್ಕೂ ಅವಸರ ಬರುತ್ತದೆ.

ಉಳಿದವು: ಏನು ಕೊಡಬೇಕು, ಯಾವ ದಿನ, ಎಷ್ಟು ಸುತ್ತು ತಿದ್ದುಪಡಿ ಬೆಲೆಯಲ್ಲೇ ಸೇರಿದೆ (ನಾವು ಎರಡು ಅನ್ನುತ್ತೇವೆ), ಮೂರನೆಯದಕ್ಕೆ ಎಷ್ಟು, ಕೆಲಸ ಕೈಗೆ ಬಂದ ಮೇಲೆ ಎಷ್ಟು ದಿನದಲ್ಲಿ ನಾವು ಒಪ್ಪಿಗೆ ಹೇಳಬೇಕು. ಆ ಕೊನೆಯ ಸಾಲನ್ನು ಬಹಳ ಜನ ಬಿಡುತ್ತಾರೆ. ಹತ್ತು ದಿನದಲ್ಲಿ ನಾವು ಬಾಯಿ ಬಿಡದಿದ್ದರೆ ಕೆಲಸ ಒಪ್ಪಿಗೆಯಾದಂತೆ ಅಂತ ಬರೆದ ಮೇಲೆ ನಮ್ಮವರು ಫೈಲ್ ತೆರೆದು ನೋಡಲು ಶುರುಮಾಡಿದರು. ನಡುವೆ ಕೆಲಸ ನಿಲ್ಲಿಸಿದರೆ ಎಷ್ಟು ಕೊಡಬೇಕು, ಗುಟ್ಟಿನ ಮಾಹಿತಿ ಏನು, ಎಷ್ಟು ದಿನ ಮುಂಚೆ ತಿಳಿಸಿ ಬಿಡಬೇಕು, ಇವೂ ಇರಲಿ.

ಹೆಜ್ಜೆ 4: ನಿಮ್ಮ ಉದ್ಯೋಗಿಗಳಿಗೆ ಮೊದಲು ಹೇಳಿ

ಸೋಮವಾರ ಬೆಳಗ್ಗೆ ಚಾಟ್ ಗುಂಪಿನಲ್ಲಿ ಹೊಸ ಹೆಸರು ಕಾಣಿಸುತ್ತದೆ. ಯಾರು, ಯಾಕೆ ಬಂದರು ಅಂತ ಯಾರಿಗೂ ಗೊತ್ತಿಲ್ಲ. ಆ ಕ್ಷಣ ಪ್ರತಿಯೊಬ್ಬ ಉದ್ಯೋಗಿಯ ತಲೆಯಲ್ಲೂ ಬರುವ ಪ್ರಶ್ನೆ ಒಂದೇ, ನನ್ನ ಕೆಲಸ ಹೋಗುತ್ತದಾ? ಹೋಗುವುದಿಲ್ಲ ಅಂತಾದರೆ ಮೊದಲೇ ಹೇಳಿ. ಹೋಗಬಹುದು ಅಂತಾದರೆ ಅದನ್ನು ಮುಚ್ಚಿಡಲು ಫ್ರೀಲಾನ್ಸರ್‌ಗಳನ್ನು ಬಳಸಬೇಡಿ. ಜನರಿಗೆ ಬೇಗ ಗೊತ್ತಾಗುತ್ತದೆ.

ಹೇಳಬೇಕಾದದ್ದು ನಾಲ್ಕು ಮಾತು. ಯಾರು ಬರುತ್ತಿದ್ದಾರೆ, ಯಾವ ಕೆಲಸಕ್ಕೆ, ಎಷ್ಟು ದಿನಕ್ಕೆ, ಅವರಿಗೆ ಯಾರು ಕೆಲಸ ಹೇಳಬಹುದು.

ಇನ್ನು ದುಡ್ಡಿನ ವಿಷಯ. ಒಂದು ದಿನ ಯಾರೋ ಇನ್‌ವಾಯ್ಸ್ ನೋಡುತ್ತಾರೆ. "ಗಂಟೆಗೆ ಅವರಿಗೆ ನನಗಿಂತ ಜಾಸ್ತಿಯಾ?" ಅಂತ ಮಾತು ಹಬ್ಬುತ್ತದೆ. ನಮ್ಮಲ್ಲಿ ಹಬ್ಬಿತು. ನಾನು ಬೋರ್ಡಿನ ಮೇಲೆ ಲೆಕ್ಕ ಬರೆದು ತೋರಿಸಿದೆ. ವಾರಕ್ಕೆ 40 ಗಂಟೆ, ವರ್ಷಕ್ಕೆ 52 ವಾರ, ಅಂದರೆ 2,080 ಗಂಟೆ. ಉದ್ಯೋಗಿಗೆ ಅಷ್ಟಕ್ಕೂ ಸಂಬಳ ಬರುತ್ತದೆ, ರಜೆಯ ದಿನವೂ ಸೇರಿ. ಫ್ರೀಲಾನ್ಸರ್‌ಗೆ ರಜೆ, ಕಾಯಿಲೆ ಅಂತ ಐದು ವಾರ ಹೋಯಿತು ಅನ್ನಿ, ಉಳಿದದ್ದು 1,880. ಅದರಲ್ಲಿ ಮೂರನೇ ಒಂದು ಭಾಗ ಗಿರಾಕಿ ಹುಡುಕಲು, ಲೆಕ್ಕ ಬರೆಯಲು, ಬಾಕಿ ಕೇಳಲು ಹೋದರೆ ಬಿಲ್ ಮಾಡುವ ಗಂಟೆಗಳು ಸುಮಾರು 1,250. ಅದೇ ವಾರ್ಷಿಕ ಆದಾಯ ಬರಬೇಕಾದರೆ ಗಂಟೆಯ ದರ 1.66 ಪಟ್ಟು ಇರಬೇಕು. ಇದಿನ್ನೂ ಲ್ಯಾಪ್‌ಟಾಪ್, ವಿಮೆ, ನಿವೃತ್ತಿಯ ಉಳಿತಾಯ ಲೆಕ್ಕಕ್ಕೆ ತರದೆ. ನಿಮ್ಮ ಅಂಕಿಗಳು ಬೇರೆ ಇರಬಹುದು, ಲೆಕ್ಕದ ದಾರಿ ಇದೇ. ಬೋರ್ಡ್ ನೋಡಿದ ಮೇಲೆ ಒಬ್ಬರು "ಹಾಗಾದ್ರೆ ನಂದೇ ವಾಸಿ" ಅಂದರು. ಗೊಣಗಾಟ ಅಲ್ಲಿಗೆ ಮುಗಿಯಿತು.

ಹೆಜ್ಜೆ 5: ಮೊದಲ ದಿನಕ್ಕೆ ಒಂದು ಪುಟದ ಬ್ರೀಫ್

ಉದ್ಯೋಗಿಗೆ ಹೊಂದಿಕೊಳ್ಳಲು ತಿಂಗಳು ಸಿಗುತ್ತದೆ. ಫ್ರೀಲಾನ್ಸರ್‌ಗೆ ಸಿಗುವುದು ಒಂದು ಮಧ್ಯಾಹ್ನ. ಹಾಗಾಗಿ ಅವರಿಗೆ ಕೊಡುವ ಬ್ರೀಫ್, ಅಂದರೆ ಕೆಲಸ ಏನು ಅಂತ ವಿವರಿಸುವ ಕಾಗದ, ಉದ್ಯೋಗಿಗೆ ಕೊಡುವುದಕ್ಕಿಂತ ಚೆನ್ನಾಗಿರಬೇಕು. ಆಗುವುದು ಮಾತ್ರ ಉಲ್ಟಾ.

ನಮ್ಮ ಒಂದು ಬ್ರೀಫ್ ಹೀಗಿತ್ತು:

"ಕೆಲಸ: ಬಳಕೆದಾರರ ಕೈಪಿಡಿಗೆ 12 ಚಿತ್ರಗಳು. ಯಾರಿಗೆ: ಮೊದಲ ಸಲ ಆ್ಯಪ್ ತೆರೆಯುವ, ವಯಸ್ಸಾದ ಬಳಕೆದಾರರಿಗೆ. ಮುಗಿದದ್ದು ಅಂದರೆ: ಪಠ್ಯ ಓದದೆ ಬರೀ ಚಿತ್ರ ನೋಡಿ ಖಾತೆ ತೆರೆಯಲು ಆಗಬೇಕು. ಬೇಡ: ಚಿತ್ರದೊಳಗೆ ಅಕ್ಷರಗಳು, ಯಾಕಂದ್ರೆ ಕೈಪಿಡಿ ಹಲವು ಭಾಷೆಗೆ ಹೋಗುತ್ತದೆ. ಈಗಾಗಲೇ ಮಾಡಿ ನೋಡಿದ್ದು: ಫೋಟೋಗಳು, ಆ್ಯಪ್ ಬದಲಾದಾಗಲೆಲ್ಲ ಹಳತಾದವು. ಪ್ರಶ್ನೆ ಇದ್ದರೆ: ಕೈಪಿಡಿ ನೋಡಿಕೊಳ್ಳುವವರೊಬ್ಬರೇ, ಬೇರೆ ಯಾರೂ ಅಲ್ಲ."

"ಈಗಾಗಲೇ ಮಾಡಿ ನೋಡಿದ್ದು" ಅನ್ನುವ ಸಾಲು ನೋಡಿದಿರಾ? ಅದೊಂದು ಸಾಲಿನಿಂದ ವಾರ ಉಳಿಯುತ್ತದೆ. ಒಳಗಿನವರಿಗೆ ಗೊತ್ತಿರುವ ಸೋಲು ಹೊರಗಿನವರಿಗೆ ಗೊತ್ತಿರುವುದಿಲ್ಲ. ಅವರು ಅದೇ ಹಳ್ಳಕ್ಕೆ ಬಿದ್ದು ಎದ್ದು ಬಂದು ನಮಗೆ ಬಿಲ್ ಕಳಿಸುತ್ತಾರೆ.

ಇನ್ನು ಲಾಗಿನ್‌ಗಳು. ಎಲ್ಲ ಖಾತೆಯೂ ಸಂಸ್ಥೆಯ ಇಮೇಲಿನಲ್ಲೇ ಇರಲಿ. ಯಾರಿಗೆ ಯಾವ ಬಾಗಿಲು ತೆರೆದಿದ್ದೀರಿ ಅಂತ ಅದೇ ದಿನ ಒಂದು ಶೀಟಿನಲ್ಲಿ ಬರೆಯಿರಿ: ಹೆಸರು, ಸಾಧನ, ಕೊಟ್ಟ ದಿನ, ತೆಗೆಯಬೇಕಾದ ದಿನ. ಕೆಲಸಕ್ಕೆ ಬೇಕಾದಷ್ಟೇ ಅನುಮತಿ ಕೊಡಿ. ಪಾಸ್‌ವರ್ಡನ್ನು ಚಾಟಿನಲ್ಲಿ ಕಳಿಸುವುದು ಬೇಡವೇ ಬೇಡ. ಮೇಲಿನ ಶುಕ್ರವಾರದ ಕಥೆ ಆದ ಮೇಲೆ ಈ ಶೀಟ್ ಇಲ್ಲದೆ ನಾನು ಯಾರಿಗೂ ಕೆಲಸ ಶುರು ಮಾಡಲು ಬಿಟ್ಟಿಲ್ಲ.

ಹೆಜ್ಜೆ 6: ದಿನದ ಮಾತುಕತೆ

ಒಬ್ಬ ಫ್ರೀಲಾನ್ಸರ್‌ಗೆ ಕೆಲಸ ಹೇಳುವ ಕೈ ಒಂದೇ ಇರಲಿ. ಮಾರ್ಕೆಟಿಂಗ್‌ನವರು ಒಂದು ಹೇಳಿ, ಪ್ರಾಡಕ್ಟ್‌ನವರು ಇನ್ನೊಂದು ಹೇಳಿದರೆ ಅವರು ಇಬ್ಬರಿಗೂ ಹೂಂ ಅನ್ನುತ್ತಾರೆ. ಗಿರಾಕಿಗೆ ಊಹೂಂ ಅನ್ನುವುದು ಕಷ್ಟ.

ಮೀಟಿಂಗಿಗೆ ಕರೆದರೆ ಆ ಸಮಯಕ್ಕೆ ದುಡ್ಡು ಕೊಡಬೇಕು. ಒಂದು ತಿಂಗಳು ನಮ್ಮ ವಾರದ ಸಭೆಗಳಿಗೆ ಡಿಸೈನರ್ ಒಬ್ಬರನ್ನು ಸುಮ್ನೆ ಇರಲಿ ಅಂತ ಸೇರಿಸಿಕೊಂಡೆವು. ತಿಂಗಳ ಕೊನೆಯ ಇನ್‌ವಾಯ್ಸ್‌ನಲ್ಲಿ ಒಂದು ಸಾಲು: "ಸಭೆಗಳಲ್ಲಿ ಕುಳಿತದ್ದು, 6 ಗಂಟೆ." ಮೊದಲು ಕೋಪ ಬಂತು. ಆಮೇಲೆ ಯೋಚಿಸಿದರೆ ಆ 6 ಗಂಟೆಯಲ್ಲಿ ಅವರಿಗೆ ಸಂಬಂಧಪಟ್ಟ ಮಾತು ನಡೆದದ್ದು ಸುಮಾರು 20 ನಿಮಿಷ. ನಮ್ಮ ಉದ್ಯೋಗಿಗಳೂ ಅದೇ ಸಭೆಯಲ್ಲಿ ಅಷ್ಟೇ ಹೊತ್ತು ಕೂತಿದ್ದರು. ಅವರು ಬಿಲ್ ಕಳಿಸಿರಲಿಲ್ಲ, ಅಷ್ಟೇ. ಸಭೆ ಅರ್ಧ ಗಂಟೆಗೆ ಇಳಿಯಿತು.

ಹಾಗಂತ ಮಾಹಿತಿಯಿಂದ ಹೊರಗಿಡಬೇಡಿ. 2018ರ ಡಿಸೆಂಬರಿನಲ್ಲಿ ಗೂಗಲ್‌ನ ತಾತ್ಕಾಲಿಕ ಮತ್ತು ಗುತ್ತಿಗೆ ಕೆಲಸಗಾರರು ಸಿಇಒ ಸುಂದರ್ ಪಿಚೈ ಅವರಿಗೆ ಬಹಿರಂಗ ಪತ್ರ ಬರೆದರು. ಆ ವರ್ಷದ ಏಪ್ರಿಲಿನಲ್ಲಿ ಯೂಟ್ಯೂಬ್ ಕಚೇರಿಯಲ್ಲಿ ಗುಂಡಿನ ದಾಳಿ ನಡೆದಾಗ ಸುರಕ್ಷತೆಯ ಸಂದೇಶಗಳು ಪೂರ್ಣಾವಧಿ ಉದ್ಯೋಗಿಗಳಿಗೆ ಮಾತ್ರ ಹೋದವು, ಮರುದಿನದ ಸಭೆಗೂ ತಮ್ಮನ್ನು ಸೇರಿಸಲಿಲ್ಲ ಅನ್ನುವುದು ಅವರ ದೂರು. ಒಪ್ಪಂದ ಬೇರೆ ಅಂತ ಬೆಂಕಿಯ ಗಂಟೆಯೂ ಬೇರೆ ಇರಬಾರದು. ಅಷ್ಟು ದೊಡ್ಡದಲ್ಲದಿದ್ದರೂ ಇದರ ಚಿಕ್ಕ ರೂಪ ದಿನವೂ ನಡೆಯುತ್ತದೆ. ಡೆಡ್‌ಲೈನ್ ಒಂದು ವಾರ ಮುಂದೆ ಹೋದದ್ದು ಒಳಗಿನವರಿಗೆಲ್ಲ ಗೊತ್ತು, ಫ್ರೀಲಾನ್ಸರ್ ರಾತ್ರಿಯಿಡೀ ಕೂತು ಮುಗಿಸಿ ಕಳಿಸಿರುತ್ತಾರೆ.

ನಮ್ಮ ನಿಯಮ ಸರಳ. ಬಾಯಿಮಾತಿನಲ್ಲಿ ಆದ ತೀರ್ಮಾನ ಬರಹಕ್ಕೆ ಬರುವವರೆಗೆ ತೀರ್ಮಾನವೇ ಅಲ್ಲ. ಒಂದು ಹಂಚಿಕೊಂಡ ದಾಖಲೆ, ದಿನಾಂಕ, ಏನು ತೀರ್ಮಾನವಾಯಿತು, ಯಾಕೆ, ಯಾರು ಹೇಳಿದರು. ಯಾವ ಸಾಫ್ಟ್‌ವೇರ್ ಅನ್ನುವುದು ಮುಖ್ಯವಲ್ಲ, ಎಲ್ಲರೂ ತೆರೆದು ನೋಡುವಂಥದ್ದಾದರೆ ಸಾಕು. ಒಪ್ಪಂದ, ಸಂಬಳ, ಉದ್ಯೋಗಿಗಳ ಒಳವಿಷಯ, ಇವು ಬೇರೆ ಜಾಗದಲ್ಲಿರಲಿ.

ಹೆಜ್ಜೆ 7: ಕೆಲಸ ಚೆನ್ನಾಗಿಲ್ಲದಿದ್ದರೆ

ಉದ್ಯೋಗಿಯ ಕೆಲಸ ಸೊರಗಿದರೆ ಕೂತು ಮಾತಾಡುತ್ತೀರಿ, ತರಬೇತಿ ಕೊಡುತ್ತೀರಿ, ಕಾಯುತ್ತೀರಿ. ಫ್ರೀಲಾನ್ಸರ್ ವಿಷಯದಲ್ಲಿ ಬ್ರೀಫ್ ತೆಗೆದು ಎದುರಿಗಿಟ್ಟು, ಯಾವ ಸಾಲು ಈಡೇರಿಲ್ಲ ಅಂತ ತೋರಿಸಿ. ಬ್ರೀಫ್‌ನಲ್ಲಿ ಆ ಸಾಲೇ ಇರಲಿಲ್ಲವಾದರೆ ತಪ್ಪು ನಿಮ್ಮದು. ತಿದ್ದುಪಡಿಗೆ ದುಡ್ಡು ಕೊಡಿ. ದೊಡ್ಡ ಕೆಲಸ ಕೊಡುವ ಮೊದಲು ಚಿಕ್ಕದೊಂದು ಮಾಡಿಸಿ ನೋಡುವುದು ಒಳ್ಳೆಯದು, ಅದಕ್ಕೂ ಪೂರ್ತಿ ಬೆಲೆ ಕೊಟ್ಟು. ಪುಕ್ಕಟೆ ಸ್ಯಾಂಪಲ್ ಕೇಳಿದರೆ ಒಳ್ಳೆಯವರು ಉತ್ತರವನ್ನೇ ಕೊಡುವುದಿಲ್ಲ. ಫ್ರೀಲಾನ್ಸರ್ ಆಗಿದ್ದಾಗ ನಾನೂ ಕೊಡುತ್ತಿರಲಿಲ್ಲ.

ಹೆಜ್ಜೆ 8: ಹೇಳಿದ ದಿನ ದುಡ್ಡು ಕೊಡಿ

ಸಂಬಳ ಎರಡು ದಿನ ತಡವಾದರೆ ಇಡೀ ಕಚೇರಿ ಗುಸುಗುಸು ಅನ್ನುತ್ತದೆ. ಫ್ರೀಲಾನ್ಸರ್ ಬಿಲ್ ಎರಡು ತಿಂಗಳು ತಡವಾದರೂ ಯಾರಿಗೂ ಕೇಳಿಸುವುದಿಲ್ಲ, ಒಬ್ಬರೇ ಕೂತು ಮೇಲ್ ಬರೆಯುತ್ತಿರುತ್ತಾರೆ. ನ್ಯೂಯಾರ್ಕ್ ನಗರದಲ್ಲಿ ಇದಕ್ಕೆಂದೇ 2017ರ ಮೇ ತಿಂಗಳಲ್ಲಿ ಒಂದು ಕಾನೂನು ಜಾರಿಗೆ ಬಂತು. 800 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಕೆಲಸಕ್ಕೆ ಲಿಖಿತ ಒಪ್ಪಂದ ಬೇಕು. ದಿನಾಂಕ ಹೇಳದಿದ್ದರೆ ಕೆಲಸ ಮುಗಿದು 30 ದಿನದೊಳಗೆ ದುಡ್ಡು ಕೊಡಬೇಕು.

ತಡವಾಗುವುದು ಹೆಚ್ಚಾಗಿ ದುರುದ್ದೇಶದಿಂದಲ್ಲ. ಇನ್‌ವಾಯ್ಸ್ ಯಾರಿಗೆ ಕಳಿಸಬೇಕು ಅಂತ ಹೇಳಿರುವುದಿಲ್ಲ. ಅದರ ಮೇಲೆ ಯಾವುದೋ ಆರ್ಡರ್ ನಂಬರ್ ಬೇಕಿತ್ತು ಅಂತ ಮೂರು ವಾರದ ಮೇಲೆ ವಾಪಸ್ ಬರುತ್ತದೆ. ಒಪ್ಪಿಗೆ ಕೊಡಬೇಕಾದ ಮ್ಯಾನೇಜರ್ ರಜೆಯಲ್ಲಿರುತ್ತಾರೆ. ಈ ಮೂರಕ್ಕೂ ಕೆಲಸ ಶುರುವಾಗುವ ಮೊದಲೇ ದಾರಿ ಮಾಡಿಡಿ. ಮಾದರಿ ಇನ್‌ವಾಯ್ಸ್ ಒಂದನ್ನು ಒಪ್ಪಂದದ ಜತೆಗೇ ಕೊಡಿ. ದೊಡ್ಡ ಕೆಲಸವಾದರೆ ಮುಂಗಡ ಒಂದು ಭಾಗ, ನಡುವೆ ಒಂದು, ಕೊನೆಗೆ ಒಂದು.

ಹೆಜ್ಜೆ 9: ಬೀಳ್ಕೊಡುವ ಕೆಲಸ ಎರಡು ವಾರ ಮೊದಲೇ ಶುರು

ಕೊನೆಯ ದಿನ ಸಂಜೆ ಹಸ್ತಾಂತರ ಮಾಡಲು ಹೊರಟರೆ ಸಿಗುವುದು ಒಂದು ಜಿಪ್ ಫೈಲ್, ಅಷ್ಟೇ. ಎರಡು ವಾರ ಇರುವಾಗಲೇ ಒಬ್ಬ ಉದ್ಯೋಗಿಯನ್ನು ವಾರಸುದಾರ ಅಂತ ಗೊತ್ತುಮಾಡಿ. ಫ್ರೀಲಾನ್ಸರ್ ವಿವರಿಸಲಿ. ಆಮೇಲೆ ಆ ಉದ್ಯೋಗಿ ಫ್ರೀಲಾನ್ಸರ್ ಸಹಾಯವಿಲ್ಲದೆ ಒಂದು ಚಿಕ್ಕ ಬದಲಾವಣೆ ಮಾಡಿ ತೋರಿಸಲಿ. ಬರೀ ವಿವರಣೆ ಕೇಳಿ ತಲೆಯಾಡಿಸಿದರೆ ಹಸ್ತಾಂತರವಾದಂತಲ್ಲ. ನಮ್ಮಲ್ಲಿ ಇದನ್ನು ಮಾಡಿಸಿದ ಮೊದಲ ಸಲವೇ ಮೂಲ ಫೈಲ್‌ಗಳು ತೆರೆಯಲು ಬೇಕಾದ ಫಾಂಟ್ ನಮ್ಮ ಹತ್ತಿರ ಇಲ್ಲ ಅಂತ ಗೊತ್ತಾಯಿತು. ಅವರು ಹೋದ ಮೇಲೆ ಗೊತ್ತಾಗಿದ್ದರೆ ಫಜೀತಿ. ಈ ಎರಡು ವಾರದ ಗಂಟೆಗಳೂ ಬಿಲ್ಲಿನಲ್ಲಿ ಸೇರುತ್ತವೆ, ಅಂದಾಜಿನಲ್ಲಿ ಮೊದಲೇ ಹಾಕಿಕೊಳ್ಳಿ.

ಕೊನೆಯ ದಿನ ಐದನೇ ಹೆಜ್ಜೆಯ ಶೀಟ್ ತೆಗೆದು ಒಂದೊಂದೇ ಬಾಗಿಲು ಮುಚ್ಚಿ. ಹಂಚಿಕೊಂಡ ಫೋಲ್ಡರ್, ಚಾಟ್ ಗುಂಪು, ಯಾವುದೋ ಪರೀಕ್ಷೆಗೆ ಕೊಟ್ಟ ಕೀಲಿ, ಇವು ಮರೆತುಹೋಗುವಂಥವು.

ಹೆಜ್ಜೆ 10: ಅವರನ್ನು ಕಾಯಂ ಮಾಡಿಕೊಳ್ಳಬೇಕಾ?

ಒಬ್ಬರ ಕೈಯಲ್ಲಿ ಅದೇ ಕೆಲಸ ಮೂರನೇ ಸಲ ಮುಂದುವರಿಯುತ್ತಿದೆ, ಅವರಿಲ್ಲದೆ ಒಂದು ವಾರವೂ ನಡೆಯುವುದಿಲ್ಲ ಅನ್ನುವಂತಾದರೆ ಆ ಕೆಲಸ ಒಳಗಿನದ್ದು. ಕಾಯಂ ಹುದ್ದೆ ಕೊಡಿ. ಅವರು ಒಪ್ಪದಿರಬಹುದು, ಬಹಳ ಜನ ಒಪ್ಪುವುದಿಲ್ಲ. ಬೇಡ ಅಂದರೆ ಮುನಿಸಿಕೊಳ್ಳಬೇಡಿ. ಆದರೆ ಕೆಲಸವನ್ನು ಮಾತ್ರ ಮೆಲ್ಲಗೆ ಒಳಗಿನ ಒಬ್ಬರಿಗೆ ದಾಟಿಸಲು ಶುರುಮಾಡಿ. ಉದ್ಯೋಗಿಯೊಬ್ಬರು ರಾಜೀನಾಮೆ ಕೊಟ್ಟು ಫ್ರೀಲಾನ್ಸರ್ ಆಗಿ ಬರುತ್ತೇನೆ ಅಂದಾಗಲೂ ಎಚ್ಚರ ಬೇಕು. ನಿನ್ನೆಯ ಮೇಜಿನಲ್ಲಿ ನಿನ್ನೆಯ ಕೆಲಸವನ್ನೇ ಹೊಸ ಕಾಗದದ ಮೇಲೆ ಮಾಡಿಸಿದರೆ ಎರಡನೇ ಹೆಜ್ಜೆಯ ಮೈಕ್ರೋಸಾಫ್ಟ್ ಕಥೆಗೆ ವಾಪಸ್ ಬಂದಂತೆ.

ಕಾಯಂ ಆಗದೆ ಹೋಗುವವರ ಬಗ್ಗೆ ನಾನು ಕೊನೆಯ ದಿನವೇ ಮೂರು ಸಾಲು ಬರೆದಿಟ್ಟುಕೊಳ್ಳುತ್ತೇನೆ. ಯಾವುದರಲ್ಲಿ ಒಳ್ಳೆಯವರು, ಯಾವುದನ್ನು ಅವರಿಗೆ ಕೊಡಬಾರದು, ಮುಂದಿನ ಖಾಲಿ ತಿಂಗಳು ಯಾವುದು. ಆ 12 ಚಿತ್ರಗಳನ್ನು ಬಿಡಿಸಿದವರ ಮೂರನೇ ಸಾಲಿನಲ್ಲಿ "ಸೆಪ್ಟೆಂಬರ್" ಅಂತ ಇತ್ತು. ಕೈಪಿಡಿಯ ಹೊಸ ಆವೃತ್ತಿಯನ್ನು ನಾವು ಆ ತಿಂಗಳಿಗೇ ಇಟ್ಟುಕೊಂಡೆವು.